ದಾವಣಗೆರೆಯಲ್ಲಿ ಕೆಲಸ ಮುಗಿಸಿ ಹೊರಟ ತಮ್ಮ ಮನೆಗೆ ಬರಲೇ ಇಲ್ಲ. ಪ್ರಕರಣ ತಣ್ಣಗಾಗಿದೆ, ಇನ್ನೇನು ಮಾಡಬಹುದು?

ನೀವು ಬರೆದಿರುವುದರ ಸಾರ ಇಷ್ಟು: 22 ವರ್ಷದ ತಮ್ಮ ಚೌಕಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ, ಒಂದು ರಾತ್ರಿ ಅಂಗಡಿಯ ಶಟರ್ ಎಳೆದ ಮೇಲೆ ಜಗಳೂರು ಕಡೆಯ ಊರಿಗೆ ಬಸ್ಸು ಹಿಡಿಯಲು ಹೊರಟವನು ಮನೆ ಸೇರಲಿಲ್ಲ, ಫೋನು ಅದೇ ರಾತ್ರಿ ಸ್ವಿಚ್ ಆಫ್ ಆಯಿತು. ಕಾಣೆ ಪ್ರಕರಣ ದಾಖಲಾಗಿ ಒಂದು ವರ್ಷ ಎಂಟು ತಿಂಗಳಾಗಿದೆ, ಠಾಣೆಗೆ ಹೋದಾಗಲೆಲ್ಲ "ಸಿಕ್ಕರೆ ತಿಳಿಸುತ್ತೇವೆ" ಎನ್ನುತ್ತಾರೆ. ನಾನು ಇದೇ ಜಿಲ್ಲೆಯಲ್ಲಿ ವಕೀಲಿ ಮಾಡುತ್ತಿದ್ದೇನೆ ಮತ್ತು ಇಂಥ ಕಡತಗಳನ್ನು ಓದಿದ್ದೇನೆ. ನಿಮ್ಮ ತಮ್ಮನಿಗೆ ಏನಾಗಿರಬಹುದು ಎಂದು ಊಹಿಸುವ ಕೆಲಸವನ್ನು ನಾನು ಮಾಡುವುದಿಲ್ಲ. ಮಾಡಬಹುದಾದದ್ದು ಇನ್ನೂ ಸಾಕಷ್ಟಿದೆ ಎಂಬುದನ್ನು ಮಾತ್ರ ಹೇಳಬಲ್ಲೆ.

ಮೊದಲನೆಯದಕ್ಕೆ ಗಡುವಿದೆ. ಮೊಬೈಲ್ ಕಂಪನಿಗಳು ಕರೆಗಳ ವಿವರವನ್ನು ಕನಿಷ್ಠ 2 ವರ್ಷ ಉಳಿಸಿಕೊಳ್ಳಬೇಕೆಂದು ದೂರಸಂಪರ್ಕ ಇಲಾಖೆ 2021ರ ಡಿಸೆಂಬರ್‌ನಲ್ಲಿ ಪರವಾನಗಿಯ ಷರತ್ತನ್ನು ಬದಲಿಸಿತು; ಅದಕ್ಕೂ ಮೊದಲು ಒಂದೇ ವರ್ಷವಿತ್ತು. ಅಂದರೆ ನಿಮ್ಮ ಕೈಯಲ್ಲಿ ಉಳಿದಿರುವುದು ನಾಲ್ಕು ತಿಂಗಳು. ತಮ್ಮನ ನಂಬರಿನ ಸಿಡಿಆರ್ (ಕರೆಗಳ ವಿವರ) ಅನ್ನು ಪೊಲೀಸರು ಆಗಲೇ ತರಿಸಿಕೊಂಡಿರಬಹುದು, ಆದರೆ ಅಷ್ಟಕ್ಕೇ ನಿಲ್ಲಿಸಿರುವ ಸಾಧ್ಯತೆಯೂ ಇದೆ. ಆ ರಾತ್ರಿ ಅವನು ಕೊನೆಗೆ ಮಾತನಾಡಿದ ನಂಬರುಗಳ ವಿವರ, ಅವನ ಫೋನು ಕೊನೆಯದಾಗಿ ಸಿಕ್ಕಿದ ಟವರಿನಲ್ಲಿ ಆ ಹೊತ್ತಿಗೆ ಇದ್ದ ಇತರ ನಂಬರುಗಳು, ಮತ್ತು ಅದೇ ಹ್ಯಾಂಡ್‌ಸೆಟ್‌ನಲ್ಲಿ ಮುಂದೆ ಬೇರೆ ಸಿಮ್ ಬಿದ್ದಿದೆಯೇ ಎಂಬ ಪರಿಶೀಲನೆ, ಈ ಮೂರನ್ನೂ ಹೆಸರಿಸಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರಿಗೆ ಲಿಖಿತ ಮನವಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹ್ಯಾಂಡ್‌ಸೆಟ್‌ನ ಐಎಂಇಐ ಸಂಖ್ಯೆ (ಪ್ರತಿ ಫೋನಿಗೂ ಇರುವ ಗುರುತು ಸಂಖ್ಯೆ) ಅದರ ಡಬ್ಬಿಯ ಮೇಲೆ ಅಥವಾ ಖರೀದಿಯ ಬಿಲ್ಲಿನಲ್ಲಿರುತ್ತದೆ. ಅಟ್ಟದ ಮೇಲಿರುವ ಖಾಲಿ ಡಬ್ಬಿಯನ್ನು ಇಂದೇ ಹುಡುಕಿ. ಅಂಗಡಿ ಸಾಲಿನ ಸಿಸಿಟಿವಿಯ ಆಸೆ ಬಿಡಬೇಕಾಗುತ್ತದೆ, ಏಕೆಂದರೆ ದೃಶ್ಯ ದಾಖಲಿಸುವ ಡಿವಿಆರ್‌ಗಳು ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆದುಕೊಳ್ಳುತ್ತವೆ. ಆದರೆ ಅಂದು ಪೊಲೀಸರು ಪ್ರತಿ ಪಡೆದಿದ್ದರೆ ಅದು ಕಡತದಲ್ಲಿರಬೇಕು, ಆದ್ದರಿಂದ ಕೇಳುವುದನ್ನು ಬಿಡಬೇಡಿ.

ಎರಡನೆಯದು, ನೀವು ಕೊಟ್ಟ ದೂರು. ಅದರ ಪ್ರತಿಯನ್ನು ತೆಗೆದು ಕೊನೆಯ ಸಾಲುಗಳನ್ನು ಓದಿ. ನಾನು ನೋಡಿದ ಬಹುತೇಕ ಕಾಣೆ ದೂರುಗಳಲ್ಲಿ "ಮನೆಯಲ್ಲಿ ಯಾವುದೇ ಜಗಳ ಆಗಿರುವುದಿಲ್ಲ, ಯಾರ ಮೇಲೂ ಅನುಮಾನ ಇರುವುದಿಲ್ಲ" ಎಂಬ ಸಾಲು ಇದ್ದೇ ಇರುತ್ತದೆ. ಠಾಣೆಯಲ್ಲಿ ಬರೆದುಕೊಳ್ಳುವವರಿಗೆ ಅದು ರೂಢಿ, ಮನೆಯವರಿಗೆ ಅದು ಮಾನದ ಪ್ರಶ್ನೆ. ಹುಡುಗ ಬೇರೆ ಜಾತಿಯ ಹುಡುಗಿಯ ಜೊತೆ ಮಾತನಾಡುತ್ತಿದ್ದ, ಆನ್‌ಲೈನ್ ಆಟದಲ್ಲಿ ಹಣ ಕಳೆದಿದ್ದ, ಸಾಲದ ಆ್ಯಪ್‌ನವರು ಫೋನಿನಲ್ಲಿದ್ದ ಎಲ್ಲರಿಗೂ ಕರೆ ಮಾಡುತ್ತಿದ್ದರು, ಅಂಗಡಿಯ ಗಲ್ಲಾಪೆಟ್ಟಿಗೆಯ ಲೆಕ್ಕದಲ್ಲಿ ವ್ಯತ್ಯಾಸ ಬಂದಿತ್ತು, ಹಿಂದಿನ ದಿನ ತಂದೆ ಕೈ ಎತ್ತಿದ್ದರು, ಇಂಥವು ಮನೆಯ ನಾಲ್ಕು ಜನರಿಗೆ ಗೊತ್ತಿದ್ದರೂ ಕಡತಕ್ಕೆ ಬರುವುದಿಲ್ಲ. ಪರಿಣಾಮವೇನೆಂದರೆ, ತನಿಖಾಧಿಕಾರಿಯ ಮುಂದೆ ಹಿಡಿದು ಹೋಗಲು ಎಳೆಯೇ ಇರುವುದಿಲ್ಲ, ಮತ್ತು ನೀವು ಎರಡು ವರ್ಷದ ನಂತರ ಒಬ್ಬರ ಹೆಸರು ಹೇಳಿದರೆ "ಅಂದು ಅನುಮಾನವಿಲ್ಲ ಎಂದವರು ನೀವೇ" ಎಂಬ ಮಾತು ಎದುರಾಗುತ್ತದೆ. ಪ್ರಕರಣಗಳು ತಣ್ಣಗಾಗಲು ಪೊಲೀಸರ ಆಲಸ್ಯವನ್ನು ದೂರುವುದು ಸುಲಭ, ಹಲವು ಸಲ ಅದು ನಿಜವೂ ಹೌದು. ಆದರೆ ಮನೆಯವರ ಮೌನವೂ ಅಷ್ಟೇ ಕೆಲಸ ಮಾಡಿರುತ್ತದೆ ಎಂಬುದು ನನ್ನ ಅಭಿಪ್ರಾಯ, ಇದರಿಂದ ನಿಮಗೆ ಬೇಸರವಾದರೂ ಹೇಳಲೇಬೇಕು.

ಇದಕ್ಕೆ ಪರಿಹಾರ ಹೆಚ್ಚುವರಿ ಹೇಳಿಕೆ. ಅದನ್ನು ಯಾವಾಗ ಬೇಕಾದರೂ ಕೊಡಬಹುದು. ಅಂಗಡಿಯಿಂದ ಅವನ ಜೊತೆ ಹೊರಬಂದವರು ಯಾರು, ಎಲ್ಲಿಯವರೆಗೆ ಜೊತೆಗಿದ್ದರು, ಬಸ್ ನಿಲ್ದಾಣಕ್ಕೆ ನಡೆದು ಹೋಗುತ್ತಿದ್ದನೋ ಯಾರದಾದರೂ ಬೈಕಿನಲ್ಲೋ, ಕೊನೆಯ ಬಸ್ಸಿನ ಕಂಡಕ್ಟರ್ ಅವನನ್ನು ಗುರುತಿಸುತ್ತಿದ್ದನೋ, ಆ ತಿಂಗಳ ಸಂಬಳ ಪಡೆದಿದ್ದನೋ, ಕೊನೆಯ ಯುಪಿಐ ಪಾವತಿ ಯಾರಿಗೆ ಹೋಯಿತು, ಇವನ್ನೆಲ್ಲ ಗಂಟೆಯ ಕ್ರಮದಲ್ಲಿ ಬರೆಯಿರಿ. ಕಾಣೆ ಪ್ರಕರಣದ ಎಫ್‌ಐಆರ್‌ನಲ್ಲಿ ಅಪರಾಧದ ಕಲಂ ಇರುವುದಿಲ್ಲ. ಹೇಳಿಕೆಯಲ್ಲಿ ಗಟ್ಟಿ ಅಂಶವಿದ್ದರೆ ಅಪಹರಣದ ಕಲಂ ಸೇರಿಸುವಂತೆ ಕೇಳಬಹುದು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 138 ಮತ್ತು 140ನೇ ಕಲಂಗಳಲ್ಲಿದೆ. ಕಲಂ ಸೇರಿತೆಂದರೆ ತನಿಖೆಯ ತೂಕವೇ ಬದಲಾಗುತ್ತದೆ: ಮುಂದೆ ಪೊಲೀಸರು ಪತ್ತೆಯಾಗಲಿಲ್ಲವೆಂದು ಸಿ ರಿಪೋರ್ಟ್ ಹಾಕಿದರೂ ನ್ಯಾಯಾಲಯ ಅದನ್ನು ಒಪ್ಪುವ ಮೊದಲು ದೂರುದಾರರ ಮಾತು ಕೇಳಬೇಕು, ಇದು ಭಗವಂತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದ ಮಾತು. ನೋಟಿಸ್ ಬಂದಾಗ ಸಹಿ ಮಾಡಿ ಸುಮ್ಮನಾಗದೆ ತಕರಾರು ಅರ್ಜಿ ಹಾಕಬೇಕು.

ಇನ್ನು ಬರೆಯಲು ಕಷ್ಟವಾದ ಭಾಗ. ಜೀವಂತವಾಗಿದ್ದಾನೆ ಎಂಬ ನಂಬಿಕೆಯನ್ನು ಕೈಬಿಡದೆಯೇ ಅಪರಿಚಿತ ಶವಗಳ ಪಟ್ಟಿಯನ್ನೂ ನೋಡಬೇಕು. ನಮ್ಮ ಊರಿನ ಭೂಗೋಳ ಇಲ್ಲಿ ಮುಖ್ಯವಾಗುತ್ತದೆ. ಭದ್ರಾ ನಾಲೆಗೆ ಬಿದ್ದದ್ದು ಬಿದ್ದ ಜಾಗದಲ್ಲೇ ಸಿಗುವುದಿಲ್ಲ. ನೀರು ಒಂದು ಠಾಣೆಯ ಸರಹದ್ದಿನಿಂದ ಇನ್ನೊಂದಕ್ಕೆ ಒಯ್ಯುತ್ತದೆ, ಕೆಲವು ಸಲ ನಾಲೆ ಬಂದ್ ಆದಾಗಲೇ ಕಾಣುತ್ತದೆ. ರೈಲು ಹಳಿಯ ಮೇಲೆ ಸಿಕ್ಕರೆ ಅದು ಜಿಲ್ಲಾ ಪೊಲೀಸರ ಲೆಕ್ಕವಲ್ಲ, ರೈಲ್ವೆ ಪೊಲೀಸರದು, ಅವರ ವರಿಷ್ಠಾಧಿಕಾರಿಯೇ ಬೇರೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಒಂದು ಕಡೆ ಚಿತ್ರದುರ್ಗ, ಇನ್ನೊಂದು ಕಡೆ ಹರಿಹರ ದಾಟಿದರೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು. ಅಪಘಾತವಾದವರನ್ನು ಯಾವ ಊರಿನ ಆಸ್ಪತ್ರೆಗೆ ಒಯ್ದರೋ ಅಲ್ಲಿನ ಠಾಣೆಯಲ್ಲಿ ಕಾಗದ ಹುಟ್ಟುತ್ತದೆ. ಇಂಥ ಪ್ರತಿಯೊಂದಕ್ಕೂ ಯುಡಿಆರ್ (ಅಸ್ವಾಭಾವಿಕ ಮರಣ ವರದಿ) ಸಂಖ್ಯೆ, ಫೋಟೊ, ಮರಣೋತ್ತರ ಪರೀಕ್ಷೆಯ ವರದಿ ಇರುತ್ತವೆ. ಆ ರಾತ್ರಿಯಿಂದ ಮೂರು ತಿಂಗಳವರೆಗಿನ, ಗುರುತು ಸಿಗದ ಗಂಡಸರ ಯುಡಿಆರ್ ಪಟ್ಟಿಯನ್ನು ದಾವಣಗೆರೆ, ಚಿತ್ರದುರ್ಗ, ಹಾವೇರಿ, ವಿಜಯನಗರ ಜಿಲ್ಲೆಗಳಿಂದ ಮತ್ತು ರೈಲ್ವೆ ಪೊಲೀಸರಿಂದ ತರಿಸಿ ಹೋಲಿಸುವಂತೆ ಅದೇ ಮನವಿಯಲ್ಲಿ ಕೇಳಿ. ಹೋಲಿಕೆಯ ಸುಳಿವು ಸಿಕ್ಕರೆ ತಾಯಿ ಅಥವಾ ತಂದೆಯ ರಕ್ತದ ಮಾದರಿಯಿಂದ ಡಿಎನ್‌ಎ ಪರೀಕ್ಷೆ ಸಾಧ್ಯ, ಆದರೆ ಅಲ್ಲಿ ಅಂದು ಮೂಳೆಯನ್ನೋ ಹಲ್ಲನ್ನೋ ತೆಗೆದಿಟ್ಟಿರಬೇಕು.

ಹೋಲಿಸಲು ಗುರುತು ಬೇಕು. ಪತ್ರಿಕೆಯಲ್ಲಿ ಬರುವ ಪ್ರಕಟಣೆಯಲ್ಲಿ "ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು" ಎಂದಿರುತ್ತದೆ, ಬಸ್ ನಿಲ್ದಾಣದಲ್ಲಿ ನಿಂತ ಅರ್ಧ ಜನ ಹಾಗೆಯೇ ಇರುತ್ತಾರೆ. ಅದರ ಬದಲು ಬಾಲ್ಯದಲ್ಲಿ ಮುರಿದ ಕೈ, ತುಂಬಿಸಿದ ಹಲ್ಲು, ಹಚ್ಚೆ, ಉಡಿದಾರದ ಬಣ್ಣ, ಅಂಗಿಯ ಕಾಲರಿನ ಒಳಗಿರುವ ದರ್ಜಿಯ ಚೀಟಿ, ಚಪ್ಪಲಿಯ ಅಳತೆ, ಇವನ್ನು ಕೊಡಿ. ದಂತವೈದ್ಯರ ಬಳಿ ಹೋಗಿದ್ದರೆ ಎಕ್ಸ್‌ರೇ ಕೇಳಿ ಪಡೆಯಿರಿ.

ಬದುಕಿರುವವರ ಕುರುಹು ಬೇರೆ ಕಡೆ ಮೂಡುತ್ತದೆ. ಅಂಗಡಿಯಲ್ಲಿ ಪಿಎಫ್ ಕಟ್ಟುತ್ತಿದ್ದರೆ ಅದೇ ಯುಎಎನ್ (ಪಿಎಫ್ ಸದಸ್ಯರ ಗುರುತು) ಸಂಖ್ಯೆಗೆ ಬೇರೆ ಊರಿನಿಂದ ಹಣ ಜಮೆಯಾಗಿದೆಯೇ, ಬ್ಯಾಂಕ್ ಖಾತೆ ಅಲುಗಿದೆಯೇ ಎಂಬುದನ್ನು ಪೊಲೀಸರು ಪತ್ರ ಬರೆದು ತಿಳಿಯಬಹುದು. ಆಧಾರ್ ಎಲ್ಲಿ ಬಳಕೆಯಾಗಿದೆ ಎಂಬ ಮಾಹಿತಿ ಠಾಣೆಯ ಪತ್ರಕ್ಕೆ ಸಿಗುವುದಿಲ್ಲ; 2019ರ ತಿದ್ದುಪಡಿಯ ನಂತರ ಅದಕ್ಕೆ ಹೈಕೋರ್ಟ್ ನ್ಯಾಯಾಧೀಶರ ಆದೇಶವೇ ಬೇಕು. ಮನಸ್ಸಿನ ಆರೋಗ್ಯ ಕೆಟ್ಟಿದ್ದ ಲಕ್ಷಣವಿದ್ದರೆ ನಿರಾಶ್ರಿತರ ಪರಿಹಾರ ಕೇಂದ್ರಗಳು, ಮಾನಸಿಕ ಆರೋಗ್ಯ ಸಂಸ್ಥೆಗಳಾದ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ಗಳಲ್ಲಿ ಫೋಟೊ ಸಮೇತ ವಿಚಾರಿಸಿ. ಒಂದು ಮಾತು ನೆನಪಿರಲಿ: ಅವನು ವಯಸ್ಕ. ತಾನಾಗಿ ಹೋಗಿದ್ದು ಪತ್ತೆಯಾದರೆ ಪೊಲೀಸರು ಹೇಳಿಕೆ ಪಡೆದು ಪ್ರಕರಣ ಮುಗಿಸಬಹುದು, ಮನೆಗೆ ಬರಲೇಬೇಕೆಂದು ಒತ್ತಾಯಿಸಲು ಬರುವುದಿಲ್ಲ.

ಅಂಜನ ಹಾಕಿದವರು "ಉತ್ತರ ದಿಕ್ಕಿನಲ್ಲಿ, ನೀರಿನ ಹತ್ತಿರ ಇದ್ದಾನೆ" ಎಂದರೆಂದೂ, ಮತ್ತೆ ಹಣ ಕೇಳುತ್ತಿದ್ದಾರೆಂದೂ ಬರೆದಿದ್ದೀರಿ. ದಾವಣಗೆರೆಯಿಂದ ಉತ್ತರಕ್ಕೆ ಹೋದರೆ ತುಂಗಭದ್ರೆ ಸಿಕ್ಕೇ ಸಿಗುತ್ತದೆ. ಆ ಹಣವನ್ನು ಬೆಂಗಳೂರಿಗೆ ಹೋಗುವ ಖರ್ಚಿಗೆ ಇಟ್ಟುಕೊಳ್ಳಿ.

ಬೆಂಗಳೂರು ಏಕೆಂದರೆ, ಹೇಬಿಯಸ್ ಕಾರ್ಪಸ್ ಅರ್ಜಿಗೆ (ಅಕ್ರಮ ಬಂಧನದಲ್ಲಿರುವವರನ್ನು ಹಾಜರುಪಡಿಸುವಂತೆ ಹೈಕೋರ್ಟನ್ನು ಕೋರುವ ಅರ್ಜಿ) ನಮ್ಮ ಜಿಲ್ಲೆಯವರು ಹೋಗಬೇಕಾದದ್ದು ಧಾರವಾಡ ಪೀಠಕ್ಕಲ್ಲ, ಬೆಂಗಳೂರಿನ ಪ್ರಧಾನ ಪೀಠಕ್ಕೆ. ಅಕ್ರಮ ಬಂಧನದ ಸುಳಿವಿಲ್ಲದ ಬರಿಯ ಕಾಣೆ ಪ್ರಕರಣದಲ್ಲಿ ಈ ಅರ್ಜಿ ಉಳಿಯುವುದು ಕಷ್ಟ ಎಂದು ಮೊದಲೇ ಹೇಳಿಬಿಡುತ್ತೇನೆ. ಆದ್ದರಿಂದ ಮೊದಲು ವರಿಷ್ಠಾಧಿಕಾರಿಗೆ ಮನವಿ, ಹೆಚ್ಚುವರಿ ಹೇಳಿಕೆ, ಅಪಹರಣದ ಅಂಶವಿದ್ದೂ ಕಲಂ ಸೇರಿಸದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ, ಹೈಕೋರ್ಟ್ ಆಮೇಲೆ. ವಕೀಲರ ಶುಲ್ಕ ಕೊಡಲಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ತಾಯಿಯ ಹೆಸರಿನಲ್ಲಿ ಅರ್ಜಿ ಕೊಡಿ. 1987ರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿದೆ.

ಏಳು ವರ್ಷದ ನಿಯಮದ ಬಗ್ಗೆಯೂ ಕೇಳಿದ್ದೀರಿ. ಸುದ್ದಿ ತಿಳಿಯಬೇಕಾದವರಿಗೆ 7 ವರ್ಷ ಯಾವ ಸುದ್ದಿಯೂ ಇಲ್ಲದಿದ್ದರೆ, ಬದುಕಿದ್ದಾನೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಂ ಹೇಳುತ್ತದೆ. ಹಳೆಯ ಕಾಯ್ದೆಯಲ್ಲಿ ಅದು 108 ಆಗಿತ್ತು. ಆದರೆ ಇದು ಅವಧಿ ತುಂಬಿದ ದಿನ ತಾನಾಗಿ ಜಾರಿಗೆ ಬರುವುದಿಲ್ಲ, ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ಕಾಣೆಯಾದ ದಿನವೇ ಸತ್ತನೆಂದು ಕಾನೂನು ಭಾವಿಸುವುದೂ ಇಲ್ಲ. ಜೀವವಿಮಾ ನಿಗಮ ಮತ್ತು ಅನುರಾಧಾ ನಡುವಿನ 2004ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಇದರ ಹೊಡೆತ ಬೀಳುವುದು ವಿಮೆಯ ಮೇಲೆ: ನಡುವೆ ಕಂತು ನಿಂತಿದ್ದರೆ ಪಾಲಿಸಿ ರದ್ದಾಗಿದೆ ಎಂಬ ಉತ್ತರ ಬರುತ್ತದೆ. ತಮ್ಮನ ಹೆಸರಿನಲ್ಲಿ ಪಾಲಿಸಿ ಇದ್ದು ಕಂತು ಬಾಕಿಯಿದ್ದರೆ, ಅದನ್ನು ಮತ್ತೆ ಚಾಲ್ತಿಗೆ ತರಲು ಸಾಧ್ಯವೇ ಎಂದು ಈ ವಾರವೇ ಶಾಖೆಯಲ್ಲಿ ವಿಚಾರಿಸಿ, ಮತ್ತು ಅವರ ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ.