ಯುರೋಪಿನ ಬಂಪರ್ ಬಾಡಿಯಿಂದ ದೂರ ನಿಂತಿದ್ದರೆ
ಅಮೆರಿಕಕ್ಕೆಂದು ತಯಾರಾದ ಹಳೇ ಮರ್ಸಿಡಿಸ್ ಆರ್107 ಕಾರಿಗೆ ಯುರೋಪಿನ ಬಂಪರ್ ಹಾಕಿದರೂ ಮುಂದಕ್ಕೆ ಚಾಚಿಕೊಂಡಿದೆ ಅಂದಿರಲ್ಲ, ಬಹುಶಃ ಬಂಪರ್ ಹಿಂದಿರುವ ಹಳೇ ಶಾಕ್ ಅಬ್ಸಾರ್ಬರ್‌ಗಳ (ಗುದ್ದು ಹೀರುವ ಕೊಳವೆಗಳ) ಮೇಲೆಯೇ ಕೂರಿಸಿದ್ದೀರಿ. 1974ರ ಮಾದರಿಗಳಿಂದ ಅಮೆರಿಕದಲ್ಲಿ ಹಿಂದೆ ಮುಂದೆ ಎರಡೂ ಬಂಪರ್ ಗಂಟೆಗೆ 5 ಮೈಲಿ ವೇಗದ ಗುದ್ದು ತಾಳಬೇಕಿತ್ತು. ಆ ಉದ್ದನೆಯ ಕೊಳವೆಗಳು ಇರೋದೇ ಅದಕ್ಕೆ.

ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಫೆಂಡರ್ ಅಂಚಿಗೆ ಟೇಪ್ ಅಂಟಿಸಿ ಬಂಪರ್ ಇಳಿಸಿ. ಶಾಕ್ ಬಿಚ್ಚಿ, ಆ ಜಾಗಕ್ಕೆ ಯುರೋಪ್ ಮಾದರಿಯ ಬ್ರಾಕೆಟ್ ಹಾಕಿ. ಶಾಕ್ ಕತ್ತರಿಸಿ ಗಿಡ್ಡ ಮಾಡೋಣ ಅನಿಸಬಹುದು, ದಯವಿಟ್ಟು ಬೇಡ. ಒಳಗೆ ಒತ್ತಡದ ಗ್ಯಾಸ್ ಇದ್ದರೆ ಸಿಡಿಯುತ್ತದೆ. ಬಂಪರನ್ನು ಮೊದಲು ಸಡಿಲವಾಗಿ ಕೂರಿಸಿ, ಎರಡೂ ಬದಿಯ ಸಂದು ಬೆರಳಿಟ್ಟು ನೋಡಿ, ಸಮ ಆದ ಮೇಲೆ ಬಿಗಿ ಮಾಡಿ. ಉಳಿದ ತೂತುಗಳಿಗೆ ರಬ್ಬರ್ ಪ್ಲಗ್ ಹಾಕಿ, ಇಲ್ಲಾಂದ್ರೆ ನೀರು ಇಳಿದು ತುಕ್ಕು ಹಿಡಿಯುತ್ತದೆ.