ಗರ್ಭಿಣಿಯ ಹೊಟ್ಟೆ ಪರೀಕ್ಷೆ ಕಲಿಸಲು ಮಿಕ್ಸೆಡ್ ರಿಯಾಲಿಟಿ (ಹೆಡ್‌ಸೆಟ್ ಮೂಲಕ ನಿಜ ವಸ್ತುವಿನ ಮೇಲೆ ಕಂಪ್ಯೂಟರ್ ಚಿತ್ರ ಕೂಡಿಸಿ ತೋರಿಸುವ ತಂತ್ರ) ಉಪಯೋಗಕ್ಕೆ ಬರುತ್ತದೆಯೇ?

ಬರುತ್ತದೆ, ಆದರೆ ಹೆಡ್‌ಸೆಟ್ ಜೊತೆ ಮುಟ್ಟಿ ನೋಡುವ ಮ್ಯಾನಿಕಿನ್ (ಗರ್ಭಿಣಿಯ ದೇಹದ ಮಾದರಿ ಬೊಂಬೆ) ಇರಲೇಬೇಕು. ಹೊಟ್ಟೆ ಮುಟ್ಟಿ ಮಗುವಿನ ಭಂಗಿ ತಿಳಿಯುವ ಲಿಯೋಪೋಲ್ಡ್‌ನ ನಾಲ್ಕು ಹಂತಗಳನ್ನು ವಿದ್ಯಾರ್ಥಿ ಮೊದಲು ಹೊಲೊಗ್ರಾಂ (ಹೆಡ್‌ಸೆಟ್‌ನಲ್ಲಿ ಕಾಣುವ ಮೂರು ಆಯಾಮದ ಚಿತ್ರ) ಇಲ್ಲದೆಯೇ ಮಾಡಲಿ: ಗರ್ಭಕೋಶದ ಮೇಲ್ತುದಿಯಲ್ಲಿರುವುದು ತಲೆಯೋ ಪೃಷ್ಠವೋ, ಬೆನ್ನು ಯಾವ ಕಡೆ, ಕೆಳಗಿರುವುದು ಯಾವ ಭಾಗ, ಅದು ಎಷ್ಟು ಇಳಿದಿದೆ. ಉತ್ತರ ಹೇಳಿದ ಮೇಲಷ್ಟೇ ಮಗುವಿನ ಚಿತ್ರ ತೋರಿಸಿ. ಮೊದಲೇ ತೋರಿಸಿದರೆ ಬೆರಳಿನ ಅಂದಾಜು ಬೆಳೆಯುವುದೇ ಇಲ್ಲ.

ಹೆಚ್ಚು ಕಾಡುವುದು ಚಿತ್ರದ ಜೋಡಣೆ. ಮ್ಯಾನಿಕಿನ್ ಸರಿದರೆ ಅಥವಾ ಚಿತ್ರದ ಜಾಗ ತಿಳಿಯಲು ಹೆಡ್‌ಸೆಟ್ ನೋಡುವ, ಅದರ ಮೇಲಿನ ಗುರುತು ಕೈಯಿಂದ ಮುಚ್ಚಿದರೆ ಮಗುವಿನ ಬೆನ್ನು ತಪ್ಪು ಜಾಗದಲ್ಲಿ ಕಾಣುತ್ತದೆ. ಗುರುತನ್ನು ತೊಡೆಯ ಬದಿಗೆ ಅಂಟಿಸಿ, ಪ್ರತಿ ಸಲವೂ ಹೊಂದಿಸಿ. ಮೈಕ್ರೋಸಾಫ್ಟ್‌ನ ಹೆಡ್‌ಸೆಟ್ ಹೊಲೊಲೆನ್ಸ್ 2ರ ನೋಟದ ವ್ಯಾಪ್ತಿ ಮೂಲೆಯಿಂದ ಮೂಲೆಗೆ ಸುಮಾರು 52 ಡಿಗ್ರಿ. ತೀರಾ ಬಗ್ಗಿದರೆ ಚಿತ್ರದ ಅಂಚು ಕತ್ತರಿಸಿಹೋಗುತ್ತದೆ.

ಒಪ್ಪಿಗೆ ಕೇಳುವುದು, ಮೂತ್ರಕೋಶ ಖಾಲಿ ಮಾಡಿಸುವುದು, ಕೈ ಬೆಚ್ಚಗಿಟ್ಟುಕೊಳ್ಳುವುದು ಇವನ್ನೆಲ್ಲ ಶಿಕ್ಷಕರೇ ಪಕ್ಕದಲ್ಲಿ ನಿಂತು ರೂಢಿ ಮಾಡಿಸಬೇಕು.