ಪಿಂಕ್ ರೇಷನ್ ಕಾರ್ಡ್ ಸಿಕ್ಕಿತು, ಆಸ್ಪತ್ರೆ ಕಾರ್ಡ್ ಯಾಕಿಲ್ಲ? ಕಾಸರಗೋಡಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಅದು ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ, ಚಿಕ್ಕದಾಗಿ ‘ಕಾಸ್ಪ್’. ನಮ್ಮ ಕಡೆ ಜನ ‘ಐದು ಲಕ್ಷದ ಕಾರ್ಡ್’ ಎನ್ನುತ್ತಾರೆ. ಕೇಂದ್ರದ ಆಯುಷ್ಮಾನ್ ಭಾರತ್ ಮತ್ತು ಕೇರಳದ ಹಳೆಯ ವಿಮಾ ಯೋಜನೆಗಳನ್ನು ಸೇರಿಸಿ 2019ರ ಏಪ್ರಿಲ್ 1ರಿಂದ ಇದು ನಡೆಯುತ್ತಿದೆ. ಆಸ್ಪತ್ರೆಯಲ್ಲಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿ ಕೊಟ್ಟಿದ್ದೇನೆ.

ನಮ್ಮ ರೇಷನ್ ಕಾರ್ಡ್ ಬಿಳಿ ಇತ್ತು. ಅರ್ಜಿ ಕೊಟ್ಟು ಕಳೆದ ವರ್ಷ ಪಿಂಕ್ ಮಾಡಿಸಿಕೊಂಡೆವು. ಈಗ ಆಸ್ಪತ್ರೆ ಕಾರ್ಡ್ ಮಾಡಿಸಲು ಅಕ್ಷಯ ಕೇಂದ್ರಕ್ಕೆ (ಸರ್ಕಾರಿ ಆನ್‌ಲೈನ್ ಸೇವಾ ಕೇಂದ್ರ) ಹೋದರೆ ‘ನಿಮ್ಮ ಹೆಸರೇ ಇಲ್ಲ’ ಎನ್ನುತ್ತಾರೆ. ನಮಗಿಂತ ಅನುಕೂಲ ಇರುವ ಪಕ್ಕದ ಮನೆಯವರಿಗೆ ಕಾರ್ಡ್ ಇದೆ. ಇದು ಹೇಗೆ? (ಪೈವಳಿಕೆ)

ನಿಮ್ಮ ಬೇಸರ ಸರಿಯಾದದ್ದೇ. ಅಕ್ಷಯದವರು ಹೇಳಿದ್ದೂ ಸುಳ್ಳಲ್ಲ. ರೇಷನ್ ಕಾರ್ಡಿನ ಬಣ್ಣ ನೋಡಿ ಕಾಸ್ಪ್ ಕಾರ್ಡ್ ಕೊಡುವುದಿಲ್ಲ. ಹಳದಿ, ಪಿಂಕ್, ನೀಲಿ, ಬಿಳಿ ಇವೆಲ್ಲ ರೇಷನ್ ಲೆಕ್ಕ. ಕಾಸ್ಪ್‌ಗೆ ಬೇರೆಯೇ ಪಟ್ಟಿ ಇದೆ, ಅದೂ ಹಳೆಯದು.

ಆ ಪಟ್ಟಿಯಲ್ಲಿ ಮುಖ್ಯವಾಗಿ ಎರಡು ಬಗೆಯ ಕುಟುಂಬಗಳಿವೆ. 2011ರ ಸಾಮಾಜಿಕ ಆರ್ಥಿಕ ಜಾತಿ ಗಣತಿಯಲ್ಲಿ ಬಡವರೆಂದು ಗುರುತಿಸಿದ ಕುಟುಂಬಗಳು ಒಂದು. ಇವರಿಗೆ ಆಯುಷ್ಮಾನ್ ಶುರುವಾದ ಸಮಯದಲ್ಲಿ ಪ್ರಧಾನ ಮಂತ್ರಿಯ ಹೆಸರಿನ ಪತ್ರ ಅಂಚೆಯಲ್ಲಿ ಬಂದಿತ್ತು. ಎಷ್ಟೋ ಮನೆಗಳಲ್ಲಿ ಅದನ್ನು ಚುನಾವಣೆಯ ಕಾಗದ ಎಂದುಕೊಂಡು ಮೂಲೆಗೆ ಹಾಕಿದ್ದಾರೆ. ಇನ್ನೊಂದು, 2019ರ ಮಾರ್ಚ್ ಕೊನೆಯವರೆಗೆ ಹಳೆಯ ವಿಮಾ ಯೋಜನೆಯ ಸ್ಮಾರ್ಟ್ ಕಾರ್ಡ್ ಚಾಲ್ತಿಯಲ್ಲಿಟ್ಟುಕೊಂಡಿದ್ದ ಕುಟುಂಬಗಳು. ಪಂಚಾಯತಿನಲ್ಲಿ ಸಾಲು ನಿಂತು ಫೋಟೋ ಹಿಡಿಸಿಕೊಂಡು 30 ರೂಪಾಯಿ ಕೊಟ್ಟು ತೆಗೆದುಕೊಳ್ಳುತ್ತಿದ್ದೆವಲ್ಲ, ಅದೇ ಕಾರ್ಡ್. ಎರಡೂ ಸೇರಿ ರಾಜ್ಯದಲ್ಲಿ ಸುಮಾರು 42 ಲಕ್ಷ ಕುಟುಂಬಗಳು. ನಿಮ್ಮ ಪಕ್ಕದ ಮನೆಯವರು ಆಗ ಆ ಕಾರ್ಡ್ ನವೀಕರಿಸಿರಬೇಕು. ನಂತರ ಅವರ ಪರಿಸ್ಥಿತಿ ಸುಧಾರಿಸಿರಬಹುದು, ನಿಮ್ಮದು ಕೆಟ್ಟಿರಬಹುದು. ಪಟ್ಟಿಗೆ ಅದು ಗೊತ್ತಾಗುವುದಿಲ್ಲ. ಇದು ಈ ಯೋಜನೆಯ ದೊಡ್ಡ ಕೊರತೆ ಎಂದು ನನ್ನ ಅಭಿಪ್ರಾಯ. 2011ರ ಬಡತನವನ್ನು ಹಿಡಿದು ಇವತ್ತಿನ ರೋಗಿಯನ್ನು ಅಳೆಯುವುದು ನ್ಯಾಯ ಅಲ್ಲ.

ಹಾಗಂತ ಸುಮ್ನೆ ಕೂರಬೇಡಿ. ಮೊದಲು ಪಟ್ಟಿಯಲ್ಲಿ ಹೆಸರಿಲ್ಲ ಎಂಬುದನ್ನು ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಕಾಸ್ಪ್ ಕಿಯೋಸ್ಕ್ ಎಂಬ ಕೌಂಟರ್ ಇರುತ್ತದೆ. ಕಾಸರಗೋಡು ಜನರಲ್ ಆಸ್ಪತ್ರೆಯಲ್ಲೋ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲೋ ಕೇಳಿ. ಮನೆಯ ಒಬ್ಬರದ್ದಲ್ಲ, ಎಲ್ಲರ ಆಧಾರ್ ಒಯ್ಯಿರಿ. ಹಳೆಯ ರೇಷನ್ ಕಾರ್ಡ್ ಇದ್ದರೆ ಅದನ್ನೂ. ಕೂಡುಕುಟುಂಬದಿಂದ ಬೇರೆಯಾದವರ ಹೆಸರು ತರವಾಡು ಮನೆಯ ಯಜಮಾನರ ಹೆಸರಿನಡಿ ಸಿಕ್ಕಿದ್ದಿದೆ. ಆದ್ದರಿಂದ ತಂದೆ, ಅಜ್ಜ, ದೊಡ್ಡಣ್ಣ ಇವರ ಹೆಸರಲ್ಲೂ ಹುಡುಕಿಸಿ. ಮನೆಯಿಂದಲೇ ಕೇಳುವುದಾದರೆ ಕೇರಳದ ಆರೋಗ್ಯ ಸಹಾಯವಾಣಿ ‘ದಿಶಾ’, ನಂಬರ್ 1056. ಆಯುಷ್ಮಾನ್‌ನ ರಾಷ್ಟ್ರೀಯ ನಂಬರ್ 14555.

ನಿಜಕ್ಕೂ ಹೆಸರಿಲ್ಲದಿದ್ದರೆ ನಿಮ್ಮಂಥವರಿಗೇ ಇರುವುದು ಕಾರುಣ್ಯ ಬೆನೆವೊಲೆಂಟ್ ಫಂಡ್. ಕಾರುಣ್ಯ ಲಾಟರಿಯ ಹಣದಿಂದ ಶುರುವಾದ ನಿಧಿ ಇದು. ಕಾಸ್ಪ್ ಇಲ್ಲದ, ವರ್ಷದ ಆದಾಯ 3 ಲಕ್ಷಕ್ಕಿಂತ ಕಡಿಮೆ ಇರುವ ಕುಟುಂಬಕ್ಕೆ 2 ಲಕ್ಷದವರೆಗೆ ಸಿಗುತ್ತದೆ. ಕಿಡ್ನಿ ಕಸಿಗಾದರೆ 3 ಲಕ್ಷ. ಇದು ಪ್ರತಿ ವರ್ಷ ಸಿಗುವ ಹಣ ಅಲ್ಲ, ಕುಟುಂಬಕ್ಕೆ ಒಂದೇ ಬಾರಿ ಎಂಬುದು ನೆನಪಿರಲಿ. ಅದೇ ಕಿಯೋಸ್ಕಿನಲ್ಲಿ ರೇಷನ್ ಕಾರ್ಡ್, ಆಧಾರ್ ತೋರಿಸಿ ಕೇಳಬೇಕು. ರೇಷನ್ ಕಾರ್ಡಿನಲ್ಲಿ ನಮೂದಾದ ಆದಾಯ ತಪ್ಪಾಗಿದ್ದರೆ ಈಗಲೇ ಸರಿಪಡಿಸಿ. ಆದಾಯದ ಸರ್ಟಿಫಿಕೇಟ್ ವಿಲೇಜ್ ಆಫೀಸಿನಿಂದ ಸಿಗುತ್ತದೆ, ಅಕ್ಷಯದ ಮೂಲಕ ಅರ್ಜಿ ಹಾಕಬಹುದು. ರೋಗಿ ಹಾಸಿಗೆಯಲ್ಲಿ ಇರುವಾಗ ಇದಕ್ಕೆಲ್ಲ ಓಡಾಡುವುದು ತುಂಬಾ ಕಷ್ಟ.

ಒಂದು ಎಚ್ಚರಿಕೆ. ‘ಹೊಸ ಆಯುಷ್ಮಾನ್ ಕಾರ್ಡ್ ಮಾಡಿಸಿಕೊಡುತ್ತೇವೆ, 500 ಕೊಡಿ’ ಎಂದು ಮನೆಗೆ ಬರುವವರನ್ನು ನಂಬಬೇಡಿ. ಪಟ್ಟಿಯಲ್ಲಿ ಇಲ್ಲದ ಕುಟುಂಬವನ್ನು ಅವರು ಸೇರಿಸಲು ಸಾಧ್ಯವಿಲ್ಲ. ಆಧಾರ್ ಪ್ರತಿ, ಬೆರಳಚ್ಚು ಕೊಟ್ಟರಂತೂ ಬೇರೆಯೇ ತೊಂದರೆ.

ಅಪ್ಪನ ಹಳೆಯ ಸ್ಮಾರ್ಟ್ ಕಾರ್ಡಿನಲ್ಲಿ ಐದು ಜನರ ಹೆಸರು ಮಾತ್ರ ಇತ್ತು. ನನ್ನ ಹೆಂಡತಿ, ಮಗು ಅದರಲ್ಲಿಲ್ಲ. ಸೇರಿಸಬಹುದಾ? ಅಮ್ಮ ಬೀಡಿ ಕಟ್ಟುತ್ತಿದ್ದವರು, ಬೆರಳಚ್ಚು ಬೀಳುವುದೇ ಇಲ್ಲ. (ಬದಿಯಡ್ಕ)

ಐದು ಜನರ ಮಿತಿ ಹಳೆಯ ಯೋಜನೆಯದ್ದು. ಆಗ ವಿಮೆಯ ಮೂಲ ಮೊತ್ತವೂ 30,000 ರೂಪಾಯಿ ಮಾತ್ರ ಇತ್ತು. ಈಗ ಎಷ್ಟು ಜನ ಎಂಬ ಲೆಕ್ಕ ಇಲ್ಲ, ವಯಸ್ಸಿನ ಮಿತಿಯೂ ಇಲ್ಲ. ಕುಟುಂಬದ ಹೆಸರು ಪಟ್ಟಿಯಲ್ಲಿದ್ದರೆ ಮದುವೆಯಾಗಿ ಬಂದವರನ್ನು, ಹುಟ್ಟಿದ ಮಕ್ಕಳನ್ನು ಸೇರಿಸಬಹುದು. ಹೆಂಡತಿ, ಮಗುವಿನ ಹೆಸರು ಮೊದಲು ನಿಮ್ಮ ರೇಷನ್ ಕಾರ್ಡಿಗೆ ಬರಬೇಕು. ಆಮೇಲೆ ಅವರ ಆಧಾರ್, ಮದುವೆ ಸರ್ಟಿಫಿಕೇಟ್, ಜನನ ಸರ್ಟಿಫಿಕೇಟ್ ಹಿಡಿದು ಕಿಯೋಸ್ಕಿಗೆ ಹೋಗಿ. 5 ಲಕ್ಷ ಇಡೀ ಕುಟುಂಬಕ್ಕೆ ಸೇರಿ. ಒಬ್ಬರಿಗೇ ಪೂರ್ತಿ ಬೇಕಾಗಿ ಬಂದರೂ ಬಳಸಬಹುದು.

ಅಮ್ಮನ ವಿಷಯ. ಬೀಡಿ, ಅಡಿಕೆ, ಗೇರುಬೀಜದ ಕೆಲಸ ಮಾಡಿದವರ ಬೆರಳು ಸವೆದಿರುತ್ತದೆ. ಯಂತ್ರ ಹಿಡಿಯುವುದಿಲ್ಲ. ಬೆರಳಚ್ಚು ಬೀಳಲಿಲ್ಲ ಎಂಬ ಕಾರಣಕ್ಕೆ ಚಿಕಿತ್ಸೆ ತಪ್ಪಬಾರದು. ಆಧಾರ್‌ಗೆ ಮೊಬೈಲ್ ಜೋಡಿಸಿದ್ದರೆ ಓಟಿಪಿ ಬರುತ್ತದೆ. ಕಣ್ಣಿನ ಸ್ಕ್ಯಾನ್, ಮುಖದ ಫೋಟೋ ಮೂಲಕವೂ ಗುರುತು ಹಿಡಿಯುವ ವ್ಯವಸ್ಥೆ ಇದೆ. ಈಗಲೇ ಅಮ್ಮನನ್ನು ಆಧಾರ್ ಸೇವೆ ಇರುವ ಅಕ್ಷಯಕ್ಕೆ ಕರೆದೊಯ್ದು ಮೊಬೈಲ್ ಜೋಡಿಸಿ. ಆ ನಂಬರ್ ಮನೆಯಲ್ಲೇ ಇರುವವರದ್ದಾಗಿರಲಿ. ಗಲ್ಫಿನಲ್ಲಿರುವ ಮಗನ ನಂಬರ್ ಕೊಟ್ಟರೆ ರಾತ್ರಿ ಹೊತ್ತು ಓಟಿಪಿ ಯಾರು ಹೇಳುವುದು?

ಹೆಸರಿನ ಅಕ್ಷರವನ್ನೂ ನೋಡಿ. ನಮ್ಮವರ ಹೆಸರು ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ರೂಪ ಬದಲಾಗುತ್ತದೆ. ನಾಯ್ಕ ಒಂದು ಕಡೆ ನಾಯಕ್ ಆಗಿರುತ್ತದೆ, ಇನ್ನೊಂದು ಕಡೆ ನಾಯ್ಕ್. ಮನೆ ಹೆಸರು ಒಂದರಲ್ಲಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ರೇಷನ್ ಕಾರ್ಡ್ ಮತ್ತು ಆಧಾರ್ ಎರಡೂ ಹೊಂದಿಕೆಯಾಗಲಿ. ಆಧಾರ್‌ನಲ್ಲಿರುವಂತೆ ರೇಷನ್ ಕಾರ್ಡ್ ತಿದ್ದಿಸುವುದು ಸಾಮಾನ್ಯವಾಗಿ ಸುಲಭ.

ತಂದೆಗೆ ಎದೆನೋವು ಬಂದು ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಕಾಸ್ಪ್ ಕಾರ್ಡ್ ಮನೆಯಲ್ಲಿತ್ತು. ಮೂರನೇ ದಿನ ತೋರಿಸಿದಾಗ ‘ಕೇರಳದ ಕಾರ್ಡ್ ಇಲ್ಲಿ ನಡೆಯುವುದಿಲ್ಲ’ ಎಂದರು. ಬಿಲ್ ಕಟ್ಟಿ ಬಂದೆವು. ಆ ಹಣ ವಾಪಸ್ ಸಿಗುತ್ತದಾ? (ಮಂಜೇಶ್ವರ)

ಸಿಗುವುದು ಕಷ್ಟ ಎಂದು ನೇರವಾಗಿ ಹೇಳುತ್ತೇನೆ. ಇದು ಬಿಲ್ ಕೊಟ್ಟು ಆಮೇಲೆ ಹಣ ವಾಪಸ್ ಪಡೆಯುವ ಯೋಜನೆ ಅಲ್ಲ. ಆಸ್ಪತ್ರೆಯೇ ಮೊದಲು ಅನುಮತಿ ಪಡೆದು, ನಿಮ್ಮಿಂದ ಹಣ ಕೇಳದೆ ಚಿಕಿತ್ಸೆ ಕೊಡಬೇಕು. ಹಾಗಾಗಿ ಕಾರ್ಡ್ ಇದೆ ಎಂದು ಸೇರಿಸುವಾಗಲೇ ಹೇಳಬೇಕು. ತುರ್ತು ಇದ್ದರೆ ಕಾರ್ಡಿಗಾಗಿ ಕಾಯಬೇಡಿ, ರೋಗಿಯನ್ನು ಒಳಗೆ ಸೇರಿಸಿ. ಜೊತೆಗಿದ್ದ ಒಬ್ಬರು ಆಗಲೇ ಆಯುಷ್ಮಾನ್ ಕೌಂಟರಿಗೆ ಹೋಗಲಿ. ಕಾರ್ಡಿನ ಫೋಟೋ ಮನೆಯವರೆಲ್ಲರ ಮೊಬೈಲಿನಲ್ಲಿ ಇರಲಿ.

‘ಕೇರಳದ ಕಾರ್ಡ್ ಇಲ್ಲಿ ನಡೆಯುವುದಿಲ್ಲ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವಂತಿಲ್ಲ. ಆಯುಷ್ಮಾನ್ ಕಾರ್ಡ್ ಬೇರೆ ರಾಜ್ಯದಲ್ಲೂ ನಡೆಯಬೇಕು ಎಂಬುದು ಯೋಜನೆಯ ನಿಯಮ. ಇದಕ್ಕೆ ಪೋರ್ಟಬಿಲಿಟಿ ಎನ್ನುತ್ತಾರೆ. ಆದರೆ ಮೂರು ವಿಷಯ ಹೊಂದಬೇಕು. ಆ ಆಸ್ಪತ್ರೆ ಯೋಜನೆಗೆ ಸೇರಿರಬೇಕು. ನಿಮಗೆ ಬೇಕಾದ ಚಿಕಿತ್ಸೆಗೂ ಅದು ನೋಂದಾಯಿಸಿರಬೇಕು. ಕಣ್ಣಿನ ವಿಭಾಗಕ್ಕೆ ಮಾತ್ರ ಸೇರಿದ ಆಸ್ಪತ್ರೆಯಲ್ಲಿ ಹೃದಯದ ಚಿಕಿತ್ಸೆ ಉಚಿತವಾಗಿ ಆಗುವುದಿಲ್ಲ, ಅಲ್ವಾ? ಮತ್ತೆ ಆಸ್ಪತ್ರೆಯವರು ಆನ್‌ಲೈನಿನಲ್ಲಿ ಬೇಡಿಕೆ ಕಳಿಸಿ ಒಪ್ಪಿಗೆ ಪಡೆಯಬೇಕು. ಈ ಕೊನೆಯ ಕೆಲಸಕ್ಕೆ ಕೆಲವು ಕಡೆ ಉದಾಸೀನ ಮಾಡುತ್ತಾರೆ. ಆಗ ಅಲ್ಲೇ ನಿಂತು 14555ಕ್ಕೆ ಕರೆ ಮಾಡಿ, ಆಸ್ಪತ್ರೆಯ ಹೆಸರು ಹೇಳಿ ದೂರು ದಾಖಲಿಸಿ, ದೂರಿನ ನಂಬರ್ ಬರೆದುಕೊಳ್ಳಿ. ಸೇರಿದ ಆಸ್ಪತ್ರೆ ಕಾರ್ಡ್ ಒಪ್ಪಿಕೊಂಡ ಮೇಲೂ ಹಣ ಕೇಳಿದರೆ ಅದು ಇನ್ನೂ ಗಂಭೀರ ದೂರು.

ನಿಮ್ಮ ತಂದೆಯವರ ಬಿಲ್, ಡಿಸ್ಚಾರ್ಜ್ ಸಾರಾಂಶ ಬಿಸಾಡಬೇಡಿ. ಆ ಆಸ್ಪತ್ರೆ ಯೋಜನೆಯಲ್ಲಿ ಇದ್ದೂ ನಿರಾಕರಿಸಿದ್ದರೆ ದೂರು ಕೊಡಲು ಅವೇ ಆಧಾರ. ಮುಂದಿನ ಚಿಕಿತ್ಸೆಗೆ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಾಕುವಾಗಲೂ ಬೇಕಾಗುತ್ತವೆ. ಕಾಯಿಲೆ ಮೊದಲೇ ಇತ್ತು ಎಂಬ ಕಾರಣಕ್ಕೆ ಕಾಸ್ಪ್ ತಪ್ಪುವುದಿಲ್ಲ. ಬಿಡುಗಡೆಯಾದ ಮೇಲಿನ 15 ದಿನಗಳ ಔಷಧಿಯೂ ಅದರಲ್ಲೇ ಸೇರಿದೆ. ಮುಂದಿನ ಸಲ ದಾಖಲಾದಾಗ ಇದನ್ನು ಕೇಳಿ ಪಡೆಯಿರಿ. ದಾಖಲಾಗದೆ ಬರೀ ಓಪಿಗೆ (ಹೊರರೋಗಿ ವಿಭಾಗಕ್ಕೆ) ಹೋಗಿ ಚೀಟಿ ಬರೆಸಿಕೊಂಡರೆ ಮಾತ್ರ ಈ ಯೋಜನೆಯಲ್ಲಿ ಏನೂ ಸಿಗುವುದಿಲ್ಲ.

ಮಂಜೇಶ್ವರ, ವರ್ಕಾಡಿ, ಮೀಂಜದವರಿಗೆ ಮಂಗಳೂರೇ ಹತ್ತಿರ. ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸ ಆದದ್ದು 2013ರಲ್ಲಿ. ಆದರೂ ದೊಡ್ಡ ಆಪರೇಷನ್ ಎಂದರೆ ನಮ್ಮ ಜನ ಇಂದಿಗೂ ಮಂಗಳೂರಿಗೋ ಕಣ್ಣೂರು ಜಿಲ್ಲೆಯ ಪರಿಯಾರಕ್ಕೋ ಹೋಗುತ್ತಾರೆ. 2020ರಲ್ಲಿ ಕೊರೊನಾ ಸಮಯದಲ್ಲಿ ಕರ್ನಾಟಕದ ಕಡೆಯ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡು ಯಾರೂ ಮರೆತಿಲ್ಲ. ಗಡಿ ದಾಟಿದ ಕೂಡಲೇ ಕಾರ್ಡ್ ಬೆಲೆ ಕಳೆದುಕೊಳ್ಳಬಾರದು ಎಂದು ನಾವು ಒತ್ತಾಯಿಸುತ್ತಲೇ ಇರಬೇಕು. ಆದರೆ ಮೊದಲೇ ದಿನ ನಿಗದಿಯಾದ ಆಪರೇಷನ್ ಆದರೆ ಪರಿಯಾರದ ಸರ್ಕಾರಿ ಮೆಡಿಕಲ್ ಕಾಲೇಜನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ದೂರ ಹೌದು, ಆದರೆ ಕಾಸ್ಪ್ ಕೆಲಸ ಅಲ್ಲಿ ದಿನನಿತ್ಯದ್ದು. ಇನ್ನೊಂದು ಮಾತು: ಮೊದಲ ಪ್ರಶ್ನೆಯಲ್ಲಿ ಹೇಳಿದ ಬೆನೆವೊಲೆಂಟ್ ಫಂಡ್ ಕೇರಳದ್ದೇ ನಿಧಿ. ಅದಕ್ಕೆ ಆಯುಷ್ಮಾನ್‌ನ ಪೋರ್ಟಬಿಲಿಟಿ ಇಲ್ಲ.

ಸೊಸೆ ವಿಟ್ಲದವಳು. ಅವಳ ಹೆಸರು ಇನ್ನೂ ತವರಿನ ಬಿಪಿಎಲ್ ಕಾರ್ಡಿನಲ್ಲಿದೆ. ಕರ್ನಾಟಕದಲ್ಲೇ ಇರಲಿ ಅಂತ ಬಿಟ್ಟಿದ್ದೇವೆ. ತೊಂದರೆಯಾ? (ಕುಂಬಳೆ)

ಎರಡು ರಾಜ್ಯದಲ್ಲಿ ಹೆಸರಿರುವುದು ಸರಿಯಲ್ಲ. ಒಂದರಲ್ಲಿ ಮಾತ್ರ ಇದ್ದರೂ ವಾಸ ಒಂದು ಕಡೆ, ಕಾರ್ಡ್ ಇನ್ನೊಂದು ಕಡೆ ಎಂದಾಗ ಪ್ರಶ್ನೆ ಏಳುತ್ತದೆ. ಕರ್ನಾಟಕದ ಆರೋಗ್ಯ ಯೋಜನೆಯಲ್ಲಿ ಹೆಚ್ಚಿನ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ನೇರ ಹೋಗುವಂತಿಲ್ಲ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು, ತುರ್ತು ಸಂದರ್ಭ ಬೇರೆ. ನಿಮ್ಮ ಮನೆ ಕಾಸ್ಪ್ ಪಟ್ಟಿಯಲ್ಲಿದ್ದರೆ ಅಲ್ಲಿ ಹೆಸರು ತೆಗೆಸಿದ ಸರ್ಟಿಫಿಕೇಟ್ ತಂದು ಇಲ್ಲಿ ಸೇರಿಸಿ. ನಿಮ್ಮ ಮನೆ ಪಟ್ಟಿಯಲ್ಲೇ ಇಲ್ಲದಿದ್ದರೆ ಅವಸರ ಮಾಡುವ ಮೊದಲು ಮನೆಯವರೆಲ್ಲ ಕೂತು ಯೋಚಿಸಿ. ಯಾಕೆಂದರೆ ಅಲ್ಲಿನದ್ದನ್ನು ಬಿಟ್ಟ ಮೇಲೆ ಇಲ್ಲಿ ಅದು ತಾನಾಗಿ ಸಿಗುವುದಿಲ್ಲ.

ನಾಲ್ಕು ತಿಂಗಳ ಮಗುವಿಗೆ ಹೃದಯದಲ್ಲಿ ರಂಧ್ರ ಇದೆ ಎಂದಿದ್ದಾರೆ. ನಮಗೆ ಕಾಸ್ಪ್ ಇಲ್ಲ. (ಎಣ್ಮಕಜೆ)

ದಯವಿಟ್ಟು ಸಾಲ ಮಾಡುವ ಮೊದಲು ‘ಹೃದ್ಯಂ’ ಯೋಜನೆಯಲ್ಲಿ ಮಗುವಿನ ಹೆಸರು ನೋಂದಾಯಿಸಿ. ಹುಟ್ಟಿನಿಂದ ಬಂದ ಹೃದಯದ ತೊಂದರೆಗೆ ಮಕ್ಕಳಿಗಾಗಿಯೇ ಇರುವ ಕೇರಳದ ಯೋಜನೆ ಇದು, ಕಾಸ್ಪ್ ಕಾರ್ಡ್ ಬೇಕಿಲ್ಲ. ಆನ್‌ಲೈನಿನಲ್ಲಿ ನೀವೇ ನೋಂದಾಯಿಸಬಹುದು. ಗೊತ್ತಾಗದಿದ್ದರೆ ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದವರು ಮಾಡಿಕೊಡುತ್ತಾರೆ. ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಜೊತೆಗಿರಲಿ. ತಜ್ಞರು ರಿಪೋರ್ಟ್ ನೋಡಿ ಎಷ್ಟು ತುರ್ತು ಎಂದು ನಿರ್ಧರಿಸಿ ಆಸ್ಪತ್ರೆ ಗೊತ್ತು ಮಾಡುತ್ತಾರೆ. ಮಗು ಹಾಲು ಕುಡಿಯುವಾಗ ಬೆವರಿದರೆ, ತುಟಿ ನೀಲಿಯಾದರೆ ಕಾಯದೆ ಆಸ್ಪತ್ರೆಗೆ ಹೋಗಿ, ಅಲ್ಲಿಂದಲೇ ನೋಂದಣಿ ಮಾಡಿಸಿ.

ಬೇರೆ ಕಾಯಿಲೆಗಳಿಗೆ 18 ವರ್ಷದವರೆಗಿನ ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಆರೋಗ್ಯಕಿರಣಂ’ ಎಂಬ ಉಚಿತ ಚಿಕಿತ್ಸೆಯ ಯೋಜನೆ ಇದೆ. ನಿಮ್ಮದು ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತವಾದ ಪಂಚಾಯತ್. ಮನೆಯಲ್ಲಿ ಯಾರಾದರೂ ಸಂತ್ರಸ್ತರ ಪಟ್ಟಿಯಲ್ಲಿದ್ದರೆ ಅವರ ಚಿಕಿತ್ಸೆಗೆ ಬೇರೆಯೇ ವ್ಯವಸ್ಥೆ ಇದೆ. ಅದನ್ನು ಕಾಸ್ಪ್ ಜೊತೆ ಸೇರಿಸಿ ಗೊಂದಲ ಮಾಡಿಕೊಳ್ಳಬೇಡಿ.

ಫಾರಂ ಎಲ್ಲ ಮಲಯಾಳದಲ್ಲಿ. ನನಗೆ ಓದಲು ಬರುವುದಿಲ್ಲ. ಕನ್ನಡದಲ್ಲಿ ಬರೆದರೆ ತೆಗೆದುಕೊಳ್ಳುತ್ತಾರಾ? (ಮುಳ್ಳೇರಿಯ)

ತೆಗೆದುಕೊಳ್ಳಬೇಕು. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರ್ಕಾರದ ಜೊತೆ ವ್ಯವಹರಿಸುವ ಹಕ್ಕು ಕೊಟ್ಟಿದೆ. ಆದ್ದರಿಂದ ವಿಲೇಜ್ ಆಫೀಸಿಗೆ, ಪಂಚಾಯತಿಗೆ ಅರ್ಜಿಯನ್ನು, ದೂರನ್ನು ಕನ್ನಡದಲ್ಲಿ ಧೈರ್ಯವಾಗಿ ಬರೆಯಿರಿ. ಆಸ್ಪತ್ರೆಯ ಆನ್‌ಲೈನ್ ಫಾರಂ ಮಾತ್ರ ಇಂಗ್ಲಿಷಿನಲ್ಲಿ ತುಂಬಿಸುತ್ತಾರೆ. ಅಲ್ಲಿ ಏನು ಬರೆದಿದ್ದಾರೆ ಎಂದು ಓದಿ ಹೇಳಲು ಕೇಳಿ, ಗೊತ್ತಾಗದ ಕಾಗದಕ್ಕೆ ಸಹಿ ಹಾಕಬೇಡಿ. ಯಾವ ಅರ್ಜಿ ಕೊಟ್ಟರೂ ರಸೀದಿ ಕೇಳಿ ತೆಗೆದುಕೊಳ್ಳಿ. ಕನ್ನಡ ಅರ್ಜಿ ವಾಪಸ್ ಕೊಟ್ಟರೆ, ಯಾಕೆ ಎಂದು ಅದರ ಮೇಲೆಯೇ ಬರೆದು ಸಹಿ ಹಾಕಿ ಕೊಡಲು ಹೇಳಿ. ಹಾಗೆ ಬರೆದು ಕೊಟ್ಟರೆ ಅದನ್ನೇ ಜೋಡಿಸಿ ಜಿಲ್ಲಾಧಿಕಾರಿಗೆ ದೂರು ಕೊಡಿ, ಅದನ್ನೂ ಕನ್ನಡದಲ್ಲೇ ಬರೆಯಿರಿ.